ಯಾರೂ ಏಳಬೇಕಾಗದ ಬೆಳಕು

ಯಾದಗಿರಿ ಬಜಾರಿನ ಕಿರಾಣಿ ಅಂಗಡಿಯಲ್ಲಿ ಮೊಂಬತ್ತಿ ಎಂದರೆ ಕರೆಂಟ್ ಹೋದಾಗಿನ ಸಾಮಾನು. ಕಡ್ಡಿಪೆಟ್ಟಿಗೆಯ ಪಕ್ಕದಲ್ಲೇ ಅದರ ಬಿಳಿ ಕಟ್ಟು ಇರುತ್ತದೆ. ಗಿಫ್ಟ್ ಅಂಗಡಿಗಳಲ್ಲಿ ಸಿಗುವುದು ಬೇರೆ ಜಾತಿಯದು: ಗಾಜಿನ ಬಟ್ಟಲಲ್ಲಿ ಕೂತ, ಗುಲಾಬಿ, ಮಲ್ಲಿಗೆ, ವೆನಿಲ್ಲಾ ವಾಸನೆಯ ಬಣ್ಣದ ಬತ್ತಿ. ಶಹಾಪುರ, ಸುರಪುರದಲ್ಲೂ ಹೊಸ ಜೋಡಿಗಳು ಲಗ್ನದ ದಿನದ ನೆನಪಿಗೆಂದು ಇದನ್ನು ಕೊಳ್ಳುತ್ತಾರೆ. ಮನೆಯಲ್ಲೇ, ಇಬ್ಬರೇ, ಲೈಟು ಆರಿಸಿ ಉಣ್ಣುವ ಆಸೆ. ಹಿರಿಯರಲ್ಲಿ ಕೆಲವರಿಗೆ ಇದು ಸಿನಿಮಾ ನೋಡಿ ಕಲಿತ ಚಾಳಿ. ನನಗೆ ಹಾಗನ್ನಿಸುವುದಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಒಂದೇ ಹೊತ್ತಿಗೆ ಉಣ್ಣುವುದನ್ನು ಕಲಿಸುವ ಯಾವ ಚಾಳಿಯಾದರೂ ನಮ್ಮ ಕಡೆಗೆ ಬೇಕಾಗಿದೆ.

ಏಕೆಂದರೆ ನಮ್ಮ ಊಟವೇ ಇಬ್ಬರನ್ನು ಅಗಲಿಸುವಂಥದ್ದು. ಬಿಸಿ ಜೋಳದ ರೊಟ್ಟಿ ಒಲೆಯಿಂದ ನೇರ ತಾಟಿಗೆ ಬರಬೇಕು. ಒಬ್ಬರು ಬಡಿಯುತ್ತಿದ್ದರೆ ಇನ್ನೊಬ್ಬರು ಉಣ್ಣುತ್ತಾರೆ. ಬಡಿಯುವವಳು ಯಾರೆಂದು ಹೇಳಬೇಕಿಲ್ಲ. "ನೀವು ಉಣ್ರಿ, ನಾ ಆಮ್ಯಾಲ ಉಣ್ತೀನಿ" ಎಂಬ ಮಾತು ಕೇಳದ ಮನೆ ಈ ಸೀಮೆಯಲ್ಲಿ ಕಡಿಮೆ. ಹಿಂದೆ ಕಂದೀಲು, ಚಿಮಣಿಯ ಕಾಲದಲ್ಲಿ ದೀಪ ಉಣ್ಣುವವರ ಮುಂದೆ ಇರುತ್ತಿತ್ತು; ಆಕೆಗೆ ಒಲೆಯ ಉರಿಯೇ ಬೆಳಕು. ಎಲ್ಲರೂ ಎದ್ದ ಮೇಲೆ ಆಕೆ ಕೂತಾಗ ಪಲ್ಯ ಆರಿರುತ್ತಿತ್ತು, ಎಣ್ಣೆಯೂ ತೀರುತ್ತ ಬಂದಿರುತ್ತಿತ್ತು.

ಅಡುಗೆ ಮಾಡಿದವಳು ಉಂಡಳೇ ಎಂದು ನಮ್ಮ ಕತೆಗಳೂ ಕೇಳುವುದಿಲ್ಲ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಬಸವಣ್ಣನವರಿಗಿಂತ ಹಿಂದಿನ ವಚನಕಾರ, ಕಾಯಕದಿಂದ ನೇಕಾರ, ರಾಮನಾಥನ ಭಕ್ತ. ಆತನ ಮದುವೆಯ ಕತೆ ನಮ್ಮಲ್ಲಿ ಪ್ರಸಿದ್ಧ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದು, ನೀರು ಸೌದೆ ಕೇಳದೆ ಇಷ್ಟರಲ್ಲೇ ಪಾಯಸ ಮಾಡಿಕೊಡುವ ಹುಡುಗಿಯನ್ನು ಹುಡುಕಿಕೊಂಡು ಹೊರಟನಂತೆ. ಮುಂದೆ ಆತನ ಹೆಂಡತಿಯಾದ ದುಗ್ಗಳೆ ಕಬ್ಬಿನ ರಸವನ್ನು ನೀರಿಗೆ ಬದಲಾಗಿ ಬಳಸಿ, ಸಿಪ್ಪೆಯನ್ನು ಉರಿಗೆ ಹಾಕಿ ಮಾಡಿಕೊಟ್ಟಳಂತೆ. ಆಕೆಯ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ಪಾಯಸವನ್ನು ದುಗ್ಗಳೆ ಉಂಡಳೇ? ಕತೆ ಹೇಳುವವರು ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ನನಗೆ ಇದು ಸಣ್ಣ ಪ್ರಶ್ನೆಯಾಗಿ ಕಾಣುವುದಿಲ್ಲ. ಹೆಣ್ಣು ಗಂಡೆಂಬುದು ಮೈಗೆ ಮಾತ್ರ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಕಂಡವನು ಇದೇ ದಾಸಿಮಯ್ಯ. ಸತಿಪತಿಗಳು ಕೂಡಿ ಮಾಡುವ ಭಕ್ತಿಯನ್ನು ದೊಡ್ಡದೆಂದವನೂ ಅವನೇ. ದುಗ್ಗಳೆಯೂ ವಚನಕಾರ್ತಿ. ಅಂಥ ಮನೆಯಲ್ಲಿ ಇಬ್ಬರೂ ಕೂಡಿಯೇ ಉಂಡಿರಬೇಕೆಂದು ನಾನು ನಂಬುತ್ತೇನೆ. ಕತೆ ಮಾತ್ರ ಪರೀಕ್ಷೆಗೇ ನಿಂತುಬಿಟ್ಟಿದೆ.

ಹಾಗಾಗಿ ಮೊಂಬತ್ತಿ ಆಯ್ದುಕೊಳ್ಳುವವರಿಗೆ ನನ್ನ ಅಳತೆಗೋಲು ಒಂದೇ. ಊಟದ ನಡುವೆ ಹೆಂಡತಿ ಏಳದಂತೆ ಉರಿಯುವ ಬತ್ತಿ ಯಾವುದು?

ಉದ್ದನೆಯ ತೆಳ್ಳನೆಯ ಬತ್ತಿ ನೋಡಲು ಚೆಂದ. ನಮ್ಮ ಊರಿಗೆ ಅದು ಒಗ್ಗುವುದಿಲ್ಲ. ಮೇಣ ಕರಗುವುದು ಸುಮಾರು 50ರಿಂದ 60 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕೂ ಮೊದಲೇ. 40 ದಾಟುವ ನಮ್ಮ ಬೇಸಿಗೆಯಲ್ಲಿ ಅದು ಹಚ್ಚುವ ಮೊದಲೇ ಬಾಗುತ್ತದೆ. ಮೇಲೆ ಫ್ಯಾನು ಬೇರೆ, ಅದರ ಗಾಳಿ ಉರಿಗೆ ಆಗದು. ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಬರೀ ಮೊಂಬತ್ತಿಯ ಬಗ್ಗೆಯೇ ಉಪನ್ಯಾಸಗಳ ಮಾಲೆ ನಡೆಸಿದ. ಉರಿಯ ಸುತ್ತ ಮೇಲೇರುವ ಗಾಳಿ ಬತ್ತಿಯ ಅಂಚನ್ನು ತಂಪಾಗಿಟ್ಟು, ಕರಗಿದ ಮೇಣಕ್ಕೆ ಒಂದು ಬಟ್ಟಲು ಮಾಡಿಕೊಡುತ್ತದೆ ಎಂದು ವಿವರಿಸಿದ. ಪಕ್ಕದಿಂದ ಗಾಳಿ ಬೀಸಿದರೆ ಬಟ್ಟಲಿನ ಅಂಚು ಒಡೆದು ಮೇಣ ಸೋರುತ್ತದೆ. ಫ್ಯಾನಿನ ಕೆಳಗೆ ಆಗುವುದು ಇದೇ. ಮೇಜಿಗೆ ಅಂಟಿದ ಮೇಣವನ್ನು ಮರುದಿನ ಕೆರೆಯುವವಳು ಯಾರು ಎಂದೂ ಯೋಚಿಸಬೇಕು.

ವಾಸನೆಯ ಬತ್ತಿಯನ್ನು ಊಟದ ಹೊತ್ತಿಗೆ ಬಿಡುವುದೇ ಲೇಸು. ಎಣ್ಣೆಗಾಯಿಯ ಶೇಂಗಾ, ಎಳ್ಳು, ಮಸಾಲೆಯ ಘಮದ ಜೊತೆ ವೆನಿಲ್ಲಾ ಕೂಡುವುದಿಲ್ಲ. ಆಕೆ ಅರ್ಧ ದಿನ ಕಷ್ಟಪಟ್ಟು ತಂದ ಪರಿಮಳವನ್ನು ಅಂಗಡಿಯ ಪರಿಮಳದಿಂದ ಮುಚ್ಚುವುದು ಸರಿಯಲ್ಲ.

ನನ್ನ ಆಯ್ಕೆ ತಗಡಿನ ಬಟ್ಟಲಿನ ಗಿಡ್ಡ ಬತ್ತಿ, ಟೀ ಲೈಟ್ ಎನ್ನುತ್ತಾರಲ್ಲ, ಅದು. ಮೂರು ತಾಸು ಉರಿಯುತ್ತದೆ, ಸೋರುವುದಿಲ್ಲ. ಗಾಜಿನ ಲೋಟದೊಳಗೆ ಇಟ್ಟರೆ ಗಾಳಿಗೂ ತಡೆ. ಉರಿ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಎದುರಿನ ಮುಖ ಪೂರ್ತಿ ಕಾಣುತ್ತದೆ. ಕಣ್ಣಿಗೆ ಕುಕ್ಕುವ ಉರಿಯ ಆಚೆ ಇರುವವರನ್ನು ನೋಡಲಾಗುವುದಿಲ್ಲ. ಮೊಂಬತ್ತಿಯೇ ಬೇಡವೆನ್ನುವವರು ಮಣ್ಣಿನ ಪಣತಿಗೆ ಔಡಲೆಣ್ಣೆ ಹಾಕಿ, ನಮ್ಮ ಹೊಲದ ಹತ್ತಿಯ ಬತ್ತಿ ಹೊಸೆದು ಹಚ್ಚಲಿ. ಔಡಲೆಣ್ಣೆ ಮಂದ, ನಿಧಾನಕ್ಕೆ ಉರಿಯುತ್ತದೆ. ಎಣ್ಣೆಯನ್ನು ಮೊದಲೇ ತುಂಬ ಹಾಕಿಡಬೇಕು, ಮತ್ತೆ ಮತ್ತೆ ಎದ್ದು ಸುರಿಯುವಂತಾಗಬಾರದು. ಪರದೆ, ಸೆರಗು, ಕೂಸಿನ ಕೈ ದೂರವಿರಲಿ.

ಕಾಲವನ್ನೂ ಆರಿಸಿಕೊಳ್ಳಬಹುದು. ಎಳ್ಳಮಾವಾಸ್ಯೆಯ ಆಸುಪಾಸಿನ ಚಳಿಗೆ ಫ್ಯಾನು ಬೇಕಿಲ್ಲ, ಉರಿ ನೆಟ್ಟಗೆ ನಿಲ್ಲುತ್ತದೆ.

ಇನ್ನು ಅಡುಗೆ. ಬತ್ತಿಯನ್ನು ಎಷ್ಟು ಚೆನ್ನಾಗಿ ಆಯ್ದುಕೊಂಡರೂ ಒಲೆಯ ಮೇಲೆ ಹಂಚು ಕಾಯುತ್ತಿದ್ದರೆ ಆಕೆ ಮೇಜಿನ ಮುಂದೆ ಕೂರಲಾರಳು. ಇದಕ್ಕೆ ಉತ್ತರ ನಮ್ಮ ಹಿರಿಯರೇ ಕೊಟ್ಟಿದ್ದಾರೆ: ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜಾತ್ರೆಗೆ, ದೂರದ ಪ್ರಯಾಣಕ್ಕೆ, ಬೆಂಗಳೂರು ಮುಂಬಯಿಗೆ ಗುಳೆ ಹೋಗುವವರ ಗಂಟಿಗೆ ಅದೇ ಬುತ್ತಿ. ಶೇಂಗಾ ಹಿಂಡಿ, ಕೆನೆಮೊಸರು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಇವೆಲ್ಲ ಆರಿದರೂ ರುಚಿ ಕೆಡದವು. ಮುಂಜಾನೆಯೇ ಸಿದ್ಧ ಮಾಡಿಡಬಹುದು, ಗಂಡನೂ ಕೈಹಚ್ಚಬಹುದು. ಹಿಂಡಿ ಕುಟ್ಟುವುದು, ಉಳ್ಳಾಗಡ್ಡಿ ಹೆಚ್ಚುವುದು ಗಂಡಸಿಗೆ ಬಾರದ ವಿದ್ಯೆಯಲ್ಲ.

ಮನೆಯಲ್ಲಿ ಅತ್ತೆ ಮಾವ ಇದ್ದಾರೆ, ಇಬ್ಬರೇ ಕೂರುವುದು ಹೇಗೆ ಎನ್ನುವವರಿದ್ದಾರೆ. ಅವರಿಗೂ ಎರಡು ಬತ್ತಿ ಹಚ್ಚಿರಿ. ಎಷ್ಟೋ ವರ್ಷ ರೊಟ್ಟಿ ಬಡಿದ ಅತ್ತೆಗೆ ಮಾವನ ಎದುರು ಕೂತು ಉಂಡ ನೆನಪು ಇದೆಯೋ ಇಲ್ಲವೋ, ಕೇಳಿ ನೋಡಿರಿ.

ನಿಮ್ಮ ಮನೆಯಲ್ಲಿ ಮುಂದಿನ ಸಲ ಕರೆಂಟ್ ಹೋದಾಗ ಅಂಗಡಿಗೆ ಓಡಬೇಡಿರಿ. ಇದ್ದ ಬಿಳಿ ಮೊಂಬತ್ತಿಯನ್ನೇ ಲೋಟದಲ್ಲಿಟ್ಟು ಹಚ್ಚಿರಿ, ರೊಟ್ಟಿಬುಟ್ಟಿ ನಡುವೆ ಇರಲಿ, ತಾಟು ಒಟ್ಟಿಗೇ ಹಾಕಿರಿ. "ನೀ ಮೊದಲ ಕುಂದರು" ಎಂದು ಅವಳಿಗೆ ಹೇಳಿರಿ.