ಜೂಜು ಯಾರದು?

ಹೋದ ವರ್ಷ ಮಾರ್ಚ್‌ನಲ್ಲಿ, ಒಂದೇ ವಾರದೊಳಗೆ, ಇಬ್ಬರು ನನಗೆ ನೆಲದೊಳಗೆ ದುಡ್ಡು ಹಾಕು ಅಂದರು. ಒಬ್ಬ ಆಫೀಸಿನ ಗೆಳೆಯ. ಇನ್ನೊಬ್ಬರು ನಮ್ಮಪ್ಪ.

ಗೆಳೆಯ ಹೇಳಿದ್ದು ಕ್ಯಾಂಟೀನಿನಲ್ಲಿ. "ಆಯಿಲ್ ಶೇಲ್ ಮಗಾ. ಅಮೆರಿಕದಲ್ಲಿ ಲಕ್ಷಾಂತರ ಕೋಟಿ ಬ್ಯಾರೆಲ್ ಎಣ್ಣೆ ಕಲ್ಲೊಳಗೆ ಕೂತಿದೆ. ಈ ಸಣ್ಣ ಕಂಪನಿ ಹತ್ರ ಜಾಗ ಇದೆ, ಷೇರು ಇನ್ನೂ ಸಸ್ತಾ." ಬೋನಸ್ ಬಂದು ಖಾತೆಯಲ್ಲಿ ಕೂತಿತ್ತು. ಆ್ಯಪ್ ತೆಗೆದೆ, ಒಂದೂವರೆ ಲಕ್ಷ ಹಾಕಿದೆ. ಕಾಫಿ ಆರುವುದರೊಳಗೆ ತೀರ್ಮಾನ ಮುಗಿದಿತ್ತು.

ಅಪ್ಪ ಫೋನ್ ಮಾಡಿದ್ದು ಶುಕ್ರವಾರ ರಾತ್ರಿ. ನಮ್ಮೂರಿರೋದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹೊಳೆನರಸೀಪುರದ ಗಡಿಗೆ ಹತ್ತಿರ. ಹೇಮಾವತಿ ನಾಲೆ ನೀರು ನಮ್ಮ ಹೊಲಕ್ಕೆ ಹತ್ತುವುದಿಲ್ಲ. "ತೆಂಗು ಒಣಗ್ತಾ ಐತೆ ಕಣಪ್ಪಾ. ಇನ್ನೊಂದು ಬೋರು ಕೊರೆಸಾಣ ಅಂತ. ನೀರು ನೋಡೋರು ಬಂದಿದ್ರು, ಪಾಯಿಂಟ್ ಮಾಡವ್ರೆ."

"ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ್ರೆ ನೀರಿದೆ ಅಂತ ನಂಬಿ ಎರಡು ಲಕ್ಷ ಸುರಿಯೋದು ಜೂಜು ಅಪ್ಪ," ಅಂದೆ.

ಅಪ್ಪ ವಾದ ಮಾಡುವವರಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ನೀನೂ ಏನೋ ಕಲ್ಲಿನ ಮೇಲೆ ಹಾಕಿದೀಯಂತೆ, ನಿಮ್ಮವ್ವ ಅಂದ್ಲು."

"ಅದು ಹೂಡಿಕೆ."

"ಆ ಕಲ್ಲು ನೋಡಿದೀಯಾ?"

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳ್ಕೊಳ್ಳೋಕೆ ಕೇಳಿದ್ದರು. ನಾನು ನೋಡಿರಲಿಲ್ಲ. ನೋಡುವುದಿರಲಿ, ಅದು ಯಾವ ಕಲ್ಲು ಅಂತಲೂ ಓದಿರಲಿಲ್ಲ.

ಆ ರಾತ್ರಿ ಓದಿದೆ. ಮೊದಲು ಗೊತ್ತಾಗಿದ್ದು, ನಾನೂ ಗೆಳೆಯನೂ ಎರಡು ಬೇರೆ ವಸ್ತುಗಳನ್ನು ಒಂದೇ ಅಂದುಕೊಂಡಿದ್ದೆವು ಅನ್ನೋದು. ಅಮೆರಿಕವನ್ನು ತೈಲದಲ್ಲಿ ಮುಂದಕ್ಕೆ ತಂದದ್ದು ಶೇಲ್ ಆಯಿಲ್. ಅಲ್ಲಿ ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ, ಕಲ್ಲನ್ನು ಬಿರುಕು ಬಿಡಿಸಿದರೆ ಹೊರಗೆ ಬರುತ್ತದೆ. ಆಯಿಲ್ ಶೇಲ್‌ನಲ್ಲಿ ಎಣ್ಣೆಯೇ ಇಲ್ಲ! ಇರೋದು ಕೆರೋಜನ್: ಹಳೆಯ ಕೆರೆಗಳ ತಳದಲ್ಲಿ ಪಾಚಿ ಕೊಳೆತು ಕೂತು, ಎಣ್ಣೆಯಾಗುವಷ್ಟು ಬೇಯದೆ ಉಳಿದ ಘನಪದಾರ್ಥ. ಭೂಮಿ ಬೇಯಿಸದೆ ಬಿಟ್ಟ ಆ ಕಲ್ಲನ್ನು ನಾವೇ ಸುಮಾರು 500 ಡಿಗ್ರಿಗೆ ಕಾಯಿಸಬೇಕು. ಒಂದು ಟನ್ ಕಲ್ಲಿಗೆ ನೂರು ಲೀಟರ್ ಎಣ್ಣೆ ಬಂದರೆ ಅದು ಒಳ್ಳೆಯ ಕಲ್ಲು. ಉಳಿದ ಕಲ್ಲು ಮೊದಲಿಗಿಂತ ಹೆಚ್ಚು ಜಾಗ ತಿನ್ನುತ್ತದೆ, ಅದನ್ನು ಎಲ್ಲೋ ಗುಡ್ಡೆ ಹಾಕಬೇಕು. ಎಸ್ಟೋನಿಯಾ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕಲ್ಲು ಸುಟ್ಟುಕೊಂಡು ಬಂದಿದೆ, ಅಲ್ಲಿ ಬೂದಿಯ ಬೆಟ್ಟಗಳೇ ಎದ್ದಿವೆ.

ಗೆಳೆಯ ಹೇಳಿದ ಲೆಕ್ಕ ಸುಳ್ಳಲ್ಲ. ಕೊಲರಾಡೊ, ಯೂಟಾ, ವಯೋಮಿಂಗ್ ಸೇರಿ ಗ್ರೀನ್ ರಿವರ್ ಶಿಲಾಪದರದಲ್ಲಿ 4 ಲಕ್ಷ ಕೋಟಿ ಬ್ಯಾರೆಲ್‌ಗೂ ಹೆಚ್ಚಿದೆ ಅಂತ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯೇ ಅಂದಾಜು ಮಾಡಿದೆ. ಆದರೆ ಅದು ನೆಲದಲ್ಲಿ ಇರುವುದರ ಲೆಕ್ಕ, ತೆಗೆಯಬಹುದಾದ್ದರ ಲೆಕ್ಕ ಅಲ್ಲ. 'ಇದೆ' ಮತ್ತು 'ಸಿಗುತ್ತೆ' ಎರಡರ ನಡುವೆ ಎಷ್ಟೋ ಕಂಪನಿಗಳು ಮುಳುಗಿವೆ. ಕೊಲರಾಡೊದ ಪ್ಯಾರಾಶೂಟ್ ಅನ್ನೋ ಸಣ್ಣ ಊರಲ್ಲಿ ಎಕ್ಸಾನ್ ದೊಡ್ಡ ಯೋಜನೆ ಶುರು ಮಾಡಿತ್ತು. ತೈಲದ ಬೆಲೆ ಇಳಿಯಿತು. 1982ರ ಮೇ 2, ಒಂದು ಭಾನುವಾರ, ನಿಲ್ಲಿಸಿಬಿಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಆ ಕಡೆಯವರು ಇವತ್ತಿಗೂ ಅದನ್ನು ಕಪ್ಪು ಭಾನುವಾರ ಅಂತಾರೆ. ಕಲ್ಲು ಎಲ್ಲೂ ಹೋಗಿರಲಿಲ್ಲ. ಅದರ ಅಂದಾಜು ಮಾತ್ರ ಬದಲಾಗಿತ್ತು.

ಈಗ ಅಪ್ಪನ ಅಂದಾಜಿಗೆ ಬರೋಣ. ನಮ್ಮ ಕಡೆಯ ಕಲ್ಲಿನಲ್ಲಿ ಎಣ್ಣೆಯ ಮಾತೇ ಇಲ್ಲ. ಹಾಸನ, ಗೊರೂರು ಸುತ್ತಿನ ಬಂಡೆ 300 ಕೋಟಿ ವರ್ಷಕ್ಕೂ ಹಳೆಯದು. ನುಗ್ಗೇಹಳ್ಳಿ ಕಡೆ ಬೈರಾಪುರದಲ್ಲಿ ಕ್ರೋಮೈಟ್ ಸಿಕ್ಕಿದೆ, ಸರ್ಕಾರಿ ಕಂಪನಿ ಅಲ್ಲಿ ಗಣಿಗಾರಿಕೆಯನ್ನೂ ಮಾಡಿದೆ. ಉಳಿದ ನಮಗೆಲ್ಲ ನೆಲದೊಳಗಿನ ಆಸ್ತಿ ಅಂದರೆ ನೀರು. ಅದೂ ಬಂಡೆಯ ಬಿರುಕಿನಲ್ಲಿ ಮಾತ್ರ. ಬಿರುಕು ತಾಗಿದರೆ ಎರಡಿಂಚು ನೀರು, ಹತ್ತು ಮಾರು ಆಚೆ ಕೊರೆದರೆ ಬರೀ ಧೂಳು.

ತೆಂಗಿನಕಾಯಿ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ. ಆದರೆ ಅಪ್ಪನ ಹತ್ತಿರ ಇದ್ದದ್ದು ಬರೀ ತೆಂಗಿನಕಾಯಿ ಅಲ್ಲ. ಸುತ್ತಲಿನ ಹದಿನಾಲ್ಕು ಬೋರು ಯಾವುದು ಎಷ್ಟು ಅಡಿಗೆ ನೀರು ಕೊಟ್ಟಿತು, ಯಾವುದು ಯಾವ ಬೇಸಗೆಯಲ್ಲಿ ನಿಂತಿತು, ಕೆರೆ ತುಂಬಿದ ವರ್ಷ ಯಾವುದು ಚೇತರಿಸಿಕೊಂಡಿತು, ಎಲ್ಲ ಬಾಯಲ್ಲಿತ್ತು. ನನ್ನ ಹತ್ತಿರ ಇದ್ದದ್ದು ಗೆಳೆಯನ ಎರಡು ವಾಕ್ಯ. ಆದರೂ ಅವರದು ಜೂಜು, ನನ್ನದು ಹೂಡಿಕೆ. ಯಾಕೆ? ನಾನು ಬಿಇ ಓದಿದ್ದೇನೆ, ಗ್ರಾಫ್ ನೋಡಿದ್ದೇನೆ ಅನ್ನೋದು ಬಿಟ್ಟರೆ ಬೇರೆ ಕಾರಣ ನನಗೆ ಸಿಗಲಿಲ್ಲ.

ಹಾಗಂತ ಅಪ್ಪನನ್ನು ದೇವರು ಮಾಡೋಕೆ ಹೋಗಲ್ಲ. ಅವರು ಗುರುತು ಹಾಕಿಸಿದ್ದ ಜಾಗ ಪಕ್ಕದ ಹೊಲದವರ ಬೋರಿಗೆ ನಲವತ್ತು ಅಡಿಯೂ ಇರಲಿಲ್ಲ. ನಮಗೆ ನೀರು ಬಿದ್ದಿದ್ದರೆ ಅವರದು ಬತ್ತುವ ಸಾಧ್ಯತೆ ಇತ್ತು. ಬಿರುಕಿಗೆ ಪಹಣಿ ಗೊತ್ತಿಲ್ಲವಲ್ಲ. ಊರಿಗೆ ಹೋದಾಗ ಇದನ್ನೇ ಕೇಳಿದೆ. "ಗೊತ್ತಿತ್ತು ಕಣಪ್ಪಾ. ಅದ್ಕೇ ನಿದ್ದೆ ಬಂದಿರಲಿಲ್ಲ," ಅಂದರು. ನನಗಂತೂ ಆ ವಾರ ಚೆನ್ನಾಗಿಯೇ ನಿದ್ದೆ ಬಂದಿತ್ತು. ಆ ಕಲ್ಲು ಕಾಯಿಸೋಕೆ ಯಾರ ನದಿಯ ನೀರು ಬೇಕು, ಬೂದಿ ಯಾರ ಊರಿನ ಪಕ್ಕ ಬೀಳುತ್ತೆ, ಕಂಪನಿ ಮುಚ್ಚಿದರೆ ಯಾರು ಮನೆ ಖಾಲಿ ಮಾಡುತ್ತಾರೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಲೆಕ್ಕ ತಪ್ಪಾಗುವುದು ಪಾಪವಲ್ಲ. ನೆಲದೊಳಗಿನದನ್ನು ಯಾರೂ ಪೂರ್ತಿ ತಿಳಿದು ಕೈ ಹಾಕೋಕೆ ಆಗಲ್ಲ. ಆದರೆ ಲೆಕ್ಕ ತಪ್ಪಿದರೆ ಯಾರು ಅನುಭವಿಸುತ್ತಾರೆ ಅಂತ ಕೇಳದೆಯೇ ಹಾಕುವ ದುಡ್ಡಿಗೆ ಹೂಡಿಕೆ ಅನ್ನೋ ಮರ್ಯಾದಸ್ಥ ಹೆಸರು ಕೊಡೋಕೆ ಈಗ ನನಗೆ ಮನಸ್ಸಿಲ್ಲ. ಗೆದ್ದರೂ ಅಷ್ಟೇ.

ಗೆದ್ದೆ ಕೂಡ. ಷೇರು ಮಾರಿದಾಗ ಹದಿನೆಂಟು ಸಾವಿರ ಲಾಭ ಬಂತು. ಆ ದುಡ್ಡು ಸೇರಿಸಿ ಅಪ್ಪನಿಗೆ ಕೊಟ್ಟೆ. ಹಾಸನದಿಂದ ಭೂವಿಜ್ಞಾನಿಯೊಬ್ಬರನ್ನು ಕರೆಸಿ, ನೆಲಕ್ಕೆ ಕಂಬಿ ಚುಚ್ಚಿ ಕರೆಂಟು ಹರಿಸಿ ಪರೀಕ್ಷೆ ಮಾಡಿಸಿದೆವು. ಪಕ್ಕದವರ ಬೋರಿನಿಂದ ದೂರಕ್ಕೆ ಪಾಯಿಂಟ್ ಬದಲಾಯಿಸಿದೆವು. ತಿರುಚೆಂಗೋಡಿನ ಗಾಡಿ ಬಂತು. 720 ಅಡಿವರೆಗೂ ಧೂಳೇ. ಬೆಳಗಿನ ಜಾವ ಅಪ್ಪನೇ ಸಾಕು ನಿಲ್ಸಿ ಅಂದರು.

ಗಾಡಿ ಹೋದಮೇಲೆ ನಾನು ಮನೆಗೆ ಹೋಗಿ ಮಲಗಿದೆ. ಎದ್ದು ಬಂದು ನೋಡಿದರೆ ಅಪ್ಪ ಇನ್ನೂ ಅಲ್ಲೇ ಇದ್ದರು. ಕೇಸಿಂಗ್ ಪೈಪಿನ ಬಾಯಿಗೆ ಮುಚ್ಚಳ ಬಿಗಿದು, ಸುತ್ತ ಮಣ್ಣು ತುಂಬಿ ಗಟ್ಟಿಸಿ, ಮೇಲೊಂದು ಚಪ್ಪಡಿ ಎಳೆಯುತ್ತಿದ್ದರು.

"ನಾಳೆ ಮಾಡಿದ್ರಾಗ್ತಿತ್ತಲ್ಲಪ್ಪ," ಅಂದೆ.

"ಮಕ್ಳು ಓಡಾಡೋ ಜಾಗ. ನಾವ್ ತೋಡಿದ್ದು ನಾವೇ ಮುಚ್ಬೇಕು. ಹಿಡ್ಕೊ ಆ ಕಡೆ," ಅಂದರು.

ಹಿಡಿದುಕೊಂಡೆ.