ಪರರ ದೇವರ ಹಾಡು

ಒಬ್ಬನು ತಾನು ನಂಬದ ದೇವರ ಹಾಡನ್ನು ಬಾಯಿತುಂಬ ಹಾಡಬಹುದೇ? ಹಾಡಿದರೆ ಅದು ಸೌಜನ್ಯವೋ, ಸುಳ್ಳೋ? ಹಾಡದೆ ಸುಮ್ಮನೆ ಕುಳಿತರೆ ಅದು ಪ್ರಾಮಾಣಿಕತೆಯೋ, ಬಿಂಕವೋ? ಈ ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದಾಗಿ ತೋರಬಹುದು. ಆದರೆ ಹಲವು ಮತಗಳವರು ಒಂದೇ ಓಣಿಯಲ್ಲಿ ಬಾಳುವ ನಮ್ಮ ನಾಡಿನಲ್ಲಿ ಇದು ದಿನದಿನವೂ ಎದುರಾಗತಕ್ಕದ್ದು. ಎದುರಾದಾಗ ನಾವು ಹೆಚ್ಚಾಗಿ ಅದನ್ನು ನಗೆಯಲ್ಲಿ ತೇಲಿಸಿಬಿಡುವೆವು. ಹಾಗೆ ತೇಲಿಸಲಾಗದ ಒಂದು ಸಂದರ್ಭವು ಹೋದ ಕ್ರಿಸ್ತಜಯಂತಿಯ ಸುಮಾರಿಗೆ ನನಗೆ ಒದಗಿತು. ಅದನ್ನು ವಾಚಕರ ಮುಂದಿಟ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾವು ಮೂವರು ಗೆಳೆಯರು: ಒಬ್ಬರು ಮೂಡಲಗಿಯವರು, ಒಬ್ಬರು ಹುಕ್ಕೇರಿಯವರು, ನಾನು ಗೋಕಾವಿಯವನು. ನಮ್ಮೂರಿನಲ್ಲಿಯೇ ನೆಲಸಿರುವ ಕ್ರೈಸ್ತ ಮಿತ್ರರೊಬ್ಬರು ನಮ್ಮ ಕೂಟದಲ್ಲಿ ನಾಲ್ಕನೆಯವರು. ಅವರ ಸಭೆಯವರು ಬೆಳಗಾವಿಯಲ್ಲಿ ಬೆಳಗಿನಿಂದ ಬೈಗಿನವರೆಗೆ ನಡೆಸುವ ಸಂಗೀತೋತ್ಸವಕ್ಕೆ ಅವರು ನಮ್ಮನ್ನು ಕರೆದರು. ಘಟಪ್ರಭಾ ನಿಲ್ದಾಣದಲ್ಲಿ ಕೂಡಿಕೊಂಡು ರೈಲು ಹತ್ತಿದೆವು. ಸುಳೇಭಾವಿ ಬಂದಾಗ ಮೂಡಲಗಿಯವರು ಕಿಟಕಿಯಿಂದ ಕೈಮಾಡಿ, “೧೯೨೪ರಲ್ಲಿ ಈ ಊರಿನಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕನೇ ಕುಮಾರ ಗಂಧರ್ವರೆಂದು ಹೆಸರಾಗಿ, ದೂರದ ದೇವಾಸದಲ್ಲಿ ನೆಲಸಿ, ಕಬೀರನ ಪದಗಳಿಗೆ ಹೊಸ ಜೀವವನ್ನು ಕೊಟ್ಟರು. ಹಾಡಿಗೆ ಮತದ ಎಲ್ಲೆಯುಂಟೇ?” ಎಂದರು. ಆಗ ನಾವೆಲ್ಲರೂ ತಲೆದೂಗಿದೆವು.

ಬೆಳಗಾವಿಯಲ್ಲಿ ಕ್ರೈಸ್ತರ ಹಾಡು ಹೊಸತಲ್ಲ. ೧೮೨೦ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರರು ಅಲ್ಲಿ ಕೆಲಸವನ್ನು ಮೊದಲು ಮಾಡಿದರು. ೧೯೦೪ರಲ್ಲಿ ಆ ಕೆಲಸವು ಮೆಥಡಿಸ್ಟರ ಕೈಗೆ ಬಂದಿತು. ಎರಡು ಶತಮಾನಗಳಲ್ಲಿ ಆ ಹಾಡು ನಮ್ಮ ನೆಲದ ನೀರು ಕುಡಿದು ಬೆಳೆದಿದೆ. ನಾವು ಹೋದ ದಿನ ಅಂಗಳದ ಚಪ್ಪರದಡಿಯಲ್ಲಿ ಪೇಟಿ, ತಬಲಾ, ತಾಳ ಎಲ್ಲವೂ ಇದ್ದವು. ಮುಪ್ಪಿನ ಹೆಂಗಸರು ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರ ಅಭಂಗಗಳನ್ನು ಹೇಳಿದರು. ೧೯೧೯ರಲ್ಲಿ ತೀರಿಕೊಂಡ ಆ ಕವಿಗಳು ತುಕಾರಾಮನ ಧಾಟಿಯಲ್ಲಿಯೇ ಕ್ರಿಸ್ತನನ್ನು ಪಾಡಿದವರು. ತರುಣರು ನಾಲ್ಕು ದನಿಗಳನ್ನು ಹೆಣೆದು ಪಡುವಣದ ರೀತಿಯಲ್ಲಿ ಹಾಡಿದರು. ನಡುಹಗಲಿಗೆ ಎಲ್ಲರೂ ಸಾಲಾಗಿ ಕುಳಿತು ರೊಟ್ಟಿ, ಬದನೆಯ ಎಣ್ಣೆಗಾಯಿ ಉಂಡೆವು.

ಮಧ್ಯಾಹ್ನದ ಮೇಲೆ ಕನ್ನಡ ಭಜನೆ ನಡೆಯಿತು. ಒಬ್ಬರು ಒಂದು ಸಾಲು ಹೇಳುವುದು, ಉಳಿದವರು ತಿರುಗಿ ಹೇಳುವುದು. ಮಟ್ಟು ನಮ್ಮ ಮಠಗಳಲ್ಲಿ ಕೇಳಿದಂಥದೇ. ನಾನು ಮೈಮರೆತು ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿದೆನು. ಮೂಡಲಗಿಯವರು ಚಪ್ಪಾಳೆಯಿಂದ ತಾಳಹಾಕಿದರು. ಹುಕ್ಕೇರಿಯವರು ಮಾತ್ರ ಕೈಮುಗಿದು, ತಲೆಬಾಗಿಸಿ, ಆ ಒಂದು ತಾಸೂ ಮೌನವಾಗಿ ಕುಳಿತಿದ್ದರು. ನನಗೆ ಅದು ಸರಿಬರಲಿಲ್ಲ. ಕರೆದವರ ಮನೆಯಲ್ಲಿ ಇದೆಂಥ ಬಿಗುಮಾನ ಎಂದು ನೊಂದುಕೊಂಡೆನು. ಸಂಜೆಯ ರೈಲಿನಲ್ಲಿ ತಡೆಯಲಾರದೆ ಕೇಳಿಯೂಬಿಟ್ಟೆನು. ಅವರು ಶಾಂತವಾಗಿ, “ನೀವು ಹಾಡಿದ ಸಾಲಿನ ಅರ್ಥವೇನು, ಹೇಳಿರಿ” ಎಂದರು. ನನಗೆ ಸಾಲು ನೆನಪಿರಲಿಲ್ಲ. ಮಟ್ಟು ಮಾತ್ರ ನೆನಪಿತ್ತು. “ಆ ಸಾಲಿನಲ್ಲಿ ಹಾಡುವವನು ತನ್ನ ಬದುಕನ್ನೆಲ್ಲ ಒಬ್ಬ ಒಡೆಯನಿಗೆ ಒಪ್ಪಿಸಿಕೊಡುತ್ತಾನೆ. ನಾನು ಹಾಗೆ ಒಪ್ಪಿಸಿಲ್ಲ. ಒಪ್ಪಿಸದೆ ಒಪ್ಪಿಸಿದೆನೆಂದು ಅವರ ದೇವರ ಮುಂದೆ ನಾನು ಹೇಗೆ ಹೇಳಲಿ?” ಎಂದರು. ವಿಚಾರವು ಇಲ್ಲಿಂದ ಮೊದಲಾಗುತ್ತದೆ.

ಮೂಡಲಗಿಯವರು ನನ್ನ ಪರವಾಗಿ ಮೊದಲನೆಯ ಸಮಾಧಾನವನ್ನು ಹೇಳಿದರು: ಹಾಡೆಂಬುದು ಕಲೆ, ಕಲೆಯಲ್ಲಿ ರಸವೇ ಮುಖ್ಯ, ಮಾತು ಗೌಣ. ಕುಲಗೋಡದ ತಮ್ಮಣ್ಣನು ತಿದ್ದಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ನಮ್ಮ ಸೀಮೆಯಲ್ಲಿ ಎಲ್ಲ ಜಾತಿ ಮತಗಳವರೂ ರಾತ್ರಿಯಿಡೀ ಕುಳಿತು ನೋಡುವರು; ಕೌಜಲಗಿಯ ನಿಂಗಮ್ಮನವರ ಹಾಡಿಗೆ ತಲೆದೂಗಿದವರೆಲ್ಲರೂ ಕೃಷ್ಣಭಕ್ತರೇ ಆಗಿದ್ದರೇ? ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆಟವನ್ನು ನೋಡುವವನು ನೋಟಕನು. ಸತ್ಯಭಾಮೆಯ ಮಾತನ್ನು ಅವನು ತನ್ನದೆಂದು ಹೇಳುವುದಿಲ್ಲ. ಭಜನೆಯಲ್ಲಿ ದನಿಗೂಡಿಸುವವನಾದರೋ ಆ ಮಾತನ್ನು ತನ್ನ ಬಾಯಿಂದ, ತನ್ನದಾಗಿ ಆಡುತ್ತಾನೆ. ಇಷ್ಟಕ್ಕೂ ಈ ಸಂಶಯವು ಭಕ್ತರನ್ನೇ ಕಾಡಿದ ಸಂಶಯವಾಗಿದೆ. ಹದಿನಾರು ಶತಮಾನಗಳ ಹಿಂದೆ ಸಂತ ಆಗಸ್ಟೀನನು ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡುವ ದನಿಗೇ ತಾನು ಹೆಚ್ಚು ಕರಗಿದರೆ ಅದು ತನ್ನ ತಪ್ಪೆಂದು ಒಪ್ಪಿಕೊಂಡಿದ್ದಾನೆ. ನಂಬಿದವನಿಗೇ ಇಷ್ಟು ಅಳುಕಿದ್ದರೆ, ನಂಬದ ನಾನು ಅಳುಕಿಲ್ಲದೆ ಹಾಡಿದ್ದು ನನ್ನ ಹಿರಿಮೆಯಲ್ಲ. ಅದು ಆ ಮಾತನ್ನು ನಾನು ಹಗುರಾಗಿ ಕಂಡುದರ ಗುರುತು.

ಎರಡನೆಯ ಸಮಾಧಾನವು ನಮ್ಮ ಜನರಿಗೆ ಇನ್ನೂ ಪ್ರಿಯವಾದದ್ದು: ದೇವನೊಬ್ಬ, ನಾಮ ಹಲವು, ಯಾವ ಹೆಸರಿನಿಂದ ಹಾಡಿದರೇನು? ಈ ಮಾತನ್ನು ಬಾಳಿ ತೋರಿಸಿದವರ ಬಾಯಲ್ಲಿ ಇದು ದೊಡ್ಡ ಮಾತು. ಸಂತ ಶಿಶುನಾಳ ಷರೀಫರು ಗೋವಿಂದಭಟ್ಟರ ಶಿಷ್ಯರಾಗಿ ನಡೆದು ಇದನ್ನು ಗಳಿಸಿಕೊಂಡರು. ನಮ್ಮಂಥವರ ಬಾಯಲ್ಲಿ ಇದು ಬಹುಮಟ್ಟಿಗೆ ವಿಚಾರದಿಂದ ತಪ್ಪಿಸಿಕೊಳ್ಳುವ ಕಿರುದಾರಿ. ಏಕೆಂದರೆ ಎದುರಿನವನು ಏನು ಹೇಳುತ್ತಾನೆಂಬುದನ್ನು ಕೇಳುವ ಮೊದಲೇ, “ನೀನು ಹೇಳುವುದು ನನಗೆ ಗೊತ್ತು, ಅದು ನನ್ನದೇ” ಎಂದು ನಾವು ಹೇಳಿಬಿಡುವೆವು. ಅವನ ಹಾಡು ಒಬ್ಬ ನಿರಪರಾಧಿಯು ಮರಣದಂಡನೆಗೆ ಗುರಿಯಾದುದನ್ನು, ಕೊಲ್ಲುವವರನ್ನು ಅವನು ಕ್ಷಮಿಸಿದುದನ್ನು ಹೇಳುತ್ತದೆ. ಇದನ್ನು ಒಪ್ಪಬಹುದು, ಒಪ್ಪದಿರಬಹುದು. ಕೇಳದೆಯೇ ನಮ್ಮದರಲ್ಲಿ ಕರಗಿಸಿಬಿಡುವುದು ಮಾತ್ರ ಔದಾರ್ಯವಲ್ಲ.

ಹಾಗಾದರೆ ಪರಮತದ ಹಾಡನ್ನು ಬಾಯಲ್ಲಿ ತರಲೇಬಾರದೇ? ಹಾಗೂ ಅಲ್ಲ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದಿದ್ದ ಮಹಾತ್ಮರಿಗೆ, ನ್ಯೂಮನ್ನರು ೧೮೩೩ರಲ್ಲಿ ಬರೆದ, ಬೆಳಕನ್ನು ಕುರಿತು ಬೇಡುವ ಕ್ರೈಸ್ತಗೀತವು ಬಲು ಪ್ರಿಯವಾದದ್ದಾಗಿತ್ತು. ಅವರು ಅರ್ಥವನ್ನು ಅರಿತು, ತೂಗಿ, ತಮ್ಮದನ್ನಾಗಿ ಮಾಡಿಕೊಂಡು ಹಾಡಿಸಿದರು. ಅವರ ಇನ್ನೊಂದು ನಡೆಯು ನಮ್ಮ ಪ್ರಶ್ನೆಗೆ ಮತ್ತೂ ಹತ್ತಿರವಾದುದು. ೧೯೪೭ರಲ್ಲಿ ದಿಲ್ಲಿಯ ಪ್ರಾರ್ಥನಾಸಭೆಯಲ್ಲಿ ಕುರಾನಿನ ಪಠಣಕ್ಕೆ ಯಾರೋ ಅಡ್ಡಿಮಾಡಿದಾಗ, ಅವರು ಕುರಾನನ್ನು ಬಿಟ್ಟು ಉಳಿದುದನ್ನು ಹಾಡಿಸಲಿಲ್ಲ. ಅಡ್ಡಿಮಾಡಿದವನನ್ನು ಹೊರಗೆ ತಳ್ಳಿಸಿ ಮುಂದುವರಿಸಲೂ ಇಲ್ಲ. ಆ ದಿನದ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಪರಮತದ ಮಾತಿಗೂ ಒಲ್ಲೆನೆಂಬವನ ಮನಸ್ಸಿಗೂ ಅವರು ಒಂದೇ ಸಮನಾದ ಬೆಲೆಯನ್ನು ಕೊಟ್ಟರು.

ಇಷ್ಟು ವಾದವು ನಡೆಯುತ್ತಿರಲು ನಮ್ಮ ಕ್ರೈಸ್ತ ಮಿತ್ರರು ಕಿಟಕಿಯ ಹೊರಗೆ ನೋಡುತ್ತ ಸುಮ್ಮನಿದ್ದರು. ನಾನು ಅವರನ್ನೇ ನ್ಯಾಯಾಧೀಶರನ್ನಾಗಿ ಮಾಡಿ, “ನಿಮಗೆ ಇವರ ಮೌನದಿಂದ ನೋವಾಗಲಿಲ್ಲವೇ?” ಎಂದೆನು. ಅವರು ನಕ್ಕು, “ನೋವೇಕೆ? ನಾನೂ ಇಪ್ಪತ್ತು ವರ್ಷದಿಂದ ಹೀಗೆಯೇ ಮಾಡುತ್ತಿರುವೆನಲ್ಲ” ಎಂದರು.

ನನಗೆ ಕೂಡಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಪ್ರತಿ ಶ್ರಾವಣದಲ್ಲಿಯೂ ನಮ್ಮ ಓಣಿಯ ಭಜನೆಗೆ ಪೇಟಿ ಬಾರಿಸುವವರು ಅವರೇ. ಆ ಪೇಟಿಯಾದರೂ ಎಲ್ಲಿಯದು? ೧೮೪೨ರಲ್ಲಿ ಪ್ಯಾರಿಸಿನ ದೆಬೇನನು ಹಕ್ಕು ಪಡೆದ ವಾದ್ಯ; ಕಲಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ಬಾರಿಸುವಂತೆ ರೂಪಾಂತರವಾದದ್ದು; ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಪರಕೀಯವೆಂದು ಹೊರಗಿಟ್ಟದ್ದು; ಆದರೂ ನಮ್ಮ ಮಠಮಂದಿರಗಳಿಂದ ಕದಲದೆ ಉಳಿದದ್ದು. ವಾದ್ಯಕ್ಕೆ ಮತವಿಲ್ಲ. ಬಾರಿಸುವವನಿಗೆ ಉಂಟು. ಇಪ್ಪತ್ತು ಶ್ರಾವಣಗಳಲ್ಲಿ ಅವರ ಬೆರಳುಗಳು ನಮ್ಮ ಪ್ರತಿಯೊಂದು ಪದವನ್ನೂ ಹಿಂಬಾಲಿಸಿದ್ದವು. ತುಟಿಗಳು ಒಮ್ಮೆಯೂ ಅಲುಗಿರಲಿಲ್ಲ. ಮಂಗಳಾರತಿಯ ಹೊತ್ತಿಗೆ ಅವರು ಮೆಲ್ಲನೆ ಎದ್ದು ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರು. ಸೆಕೆಗಾಗಿ ಹೋದರೆಂದು ನಾವು ತಿಳಿದಿದ್ದೆವು. ಹುಕ್ಕೇರಿಯವರ ಒಂದು ತಾಸಿನ ಮೌನವನ್ನು ಕಂಡು ಕೆರಳಿದ ನಾನು, ನನ್ನ ಮನೆಯ ಮುಂದೆಯೇ ಇಪ್ಪತ್ತು ವರ್ಷ ಕುಳಿತ ಮೌನವನ್ನು ಕಂಡಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, “ನಮ್ಮಲ್ಲಿ ಭೇದವೇ ಇಲ್ಲ, ನಮ್ಮ ಪೇಟಿಯವರು ಕ್ರೈಸ್ತರು” ಎಂದು ನಾಲ್ಕು ಜನರ ಮುಂದೆ ನಾನು ಹೆಮ್ಮೆಯಿಂದ ಹೇಳಿಕೊಂಡದ್ದುಂಟು.

ಇದರಿಂದ ನನಗೆ ಹೊಳೆದುದಿಷ್ಟು. ಕೇಳುವುದು ಬೇರೆ, ದನಿಗೂಡಿಸುವುದು ಬೇರೆ, ನಂಬುವುದು ಬೇರೆ. ಈ ಮೂರನ್ನು ಕಲಸಿಬಿಟ್ಟರೆ ಎರಡು ಕೇಡುಗಳು ಹುಟ್ಟುವವು. ನಂಬದವನು ಕೇಳಲೂಬಾರದೆಂಬ ಸಂಕೋಚವು ಒಂದು. ಕೇಳಿದವನು ಹಾಡಲೇಬೇಕೆಂಬ ಒತ್ತಾಯವು ಇನ್ನೊಂದು. ಮೊದಲನೆಯದು ಮನೆಯ ಬಾಗಿಲನ್ನು ಮುಚ್ಚುತ್ತದೆ. ಎರಡನೆಯದು ತೆರೆದ ಬಾಗಿಲಲ್ಲಿ ಸುಂಕವನ್ನು ಕೇಳುತ್ತದೆ. ಹೆಚ್ಚು ಜನರಿರುವ ಕಡೆಯವರಿಗೆ ಈ ಸುಂಕವು ಕಾಣುವುದೇ ಇಲ್ಲ, ಏಕೆಂದರೆ ಅದನ್ನು ತೆರುವವರು ಅವರಲ್ಲ. ನಾನು ವರ್ಷಕ್ಕೊಂದು ದಿನ ಚಪ್ಪರದಡಿಯಲ್ಲಿ ಹಾಡಿದರೆ ಅದು ನನ್ನ ಔದಾರ್ಯವೆನಿಸುತ್ತದೆ. ನನ್ನ ಮಿತ್ರನು ಒಂದು ದಿನ ಹಾಡದಿದ್ದರೆ ಅದು ಅವನ ಪ್ರತ್ಯೇಕತೆಯೆನಿಸುತ್ತದೆ. ಒಂದೇ ತಕ್ಕಡಿಯಲ್ಲಿ ಎರಡು ಕಲ್ಲುಗಳನ್ನಿಟ್ಟು ತೂಗುವ ಈ ವ್ಯಾಪಾರವು ಸಲ್ಲದು.

ದನಿಗೂಡಿಸದೆಯೂ ಪರರ ಹಾಡಿಗೆ ಮಾಡಬಹುದಾದ ಸೇವೆಯುಂಟು. ಮೋಗ್ಲಿಂಗರು ಮತಪ್ರಸಾರಕ್ಕೆಂದೇ ಬಂದವರು. ಹರಿದಾಸರ ದೇವರನ್ನು ಅವರು ನಂಬಲಿಲ್ಲ. ಆದರೂ ೧೮೫೦ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ಕಿಟೆಲ್ಲರು ೧೮೬೨ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡದಲ್ಲಿ ಪದ್ಯಮಾಡಿದರು, ಅದೇ ಕಿಟೆಲ್ಲರು ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪರಿಷ್ಕರಿಸಿ ಪ್ರಕಟಿಸಿದರು. ಅವರ ಉದ್ದೇಶಗಳನ್ನೆಲ್ಲ ನಾವು ಒಪ್ಪಬೇಕಾದುದಿಲ್ಲ. ಒಪ್ಪದವರ ಮಾತನ್ನು ಅಕ್ಷರ ತಪ್ಪದಂತೆ ಕಾಯ್ದಿಡುವುದೂ ಒಂದು ಮರ್ಯಾದೆಯೆಂಬುದನ್ನು ಅವರಿಂದ ಕಲಿಯಬಹುದು. ನನ್ನ ಮಿತ್ರರ ಬೆರಳುಗಳು ಇಪ್ಪತ್ತು ವರ್ಷ ಮಾಡಿದುದೂ ಇದನ್ನೇ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರವಿದು: ಅರ್ಥವನ್ನು ಅರಿತು ಒಪ್ಪಿದ ಮಾತನ್ನು ಯಾರ ಹಾಡಿನಲ್ಲಿದ್ದರೂ ಹಾಡಬಹುದು. ಒಪ್ಪದ ಮಾತು ಬಂದಾಗ ಸುಮ್ಮನಿರುವುದು ಹಾಡಿಗೂ ಹಾಡುವವರಿಗೂ ಸಲ್ಲಿಸುವ ಗೌರವವೇ. ಇನ್ನೊಬ್ಬನ ಮೌನಕ್ಕೆ ಕಾರಣವನ್ನು ಕೇಳುವ ಮೊದಲು ನಮ್ಮ ಅಂಗಳದಲ್ಲಿ ಯಾರು ಸುಮ್ಮನೆ ಕುಳಿತಿರುವರೆಂದು ನೋಡಿಕೊಳ್ಳುವುದು ಮನುಷ್ಯಧರ್ಮ.

ಘಟಪ್ರಭಾದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಬೀಳ್ಕೊಡುವಾಗ ನಾನು ಮಿತ್ರರ ಕೈಹಿಡಿದು, “ಇಷ್ಟು ವರ್ಷ ಏಕೆ ಹೇಳಲಿಲ್ಲ?” ಎಂದೆನು. “ನೀವು ಕೇಳಲಿಲ್ಲ” ಎಂದರು. ಮನೆಗೆ ಬಂದಾಗ ಅವ್ವ ಬಾಗಿಲಲ್ಲಿಯೇ ಕುಳಿತಿದ್ದಳು. “ಹಾಡು ಹೆಂಗಿದ್ದವಪಾ?” ಎಂದಳು. ಚೆನ್ನಾಗಿದ್ದವೆಂದು ಹೇಳಿ ಒಳಗೆ ನಡೆದೆನು. ಪಡಸಾಲೆಯ ಮೂಲೆಯಲ್ಲಿ, ಮುಂದಿನ ಶ್ರಾವಣಕ್ಕಾಗಿ ಬಟ್ಟೆ ಹೊದಿಸಿಟ್ಟ ಪೇಟಿಯು ಕಂಡಿತು. ಈ ಸಲ ಅವರನ್ನು ಕರೆಯುವಾಗ, ಬಾರಿಸಲು ಮನಸ್ಸುಂಟೇ ಎಂದು ಮೊದಲು ಕೇಳಬೇಕು. ಮಂಗಳಾರತಿಯ ಹೊತ್ತಿಗೆ ಅವರು ಕಟ್ಟೆಗೆ ಹೋದರೆ ನಾನೂ ಒಂದು ಗಳಿಗೆ ಹೋಗಿ ಅವರ ಮಗ್ಗುಲಿಗೆ ಕೂಡಬೇಕು.