ದೇವರ ಪಕ್ಷವಾಗಿ ಸುಳ್ಳಾಡಬಹುದೋ?

ಒಳ್ಳೇ ಕಾರ್ಯಕ್ಕಾಗಿ ಹೇಳಿದ ಸುಳ್ಳು ಪಾಪವಲ್ಲವೆಂದು ಅನೇಕರು ಎಣಿಸುತ್ತಾರೆ. ಸಾಲ ಕೊಟ್ಟವನಿಗೆ ಸುಳ್ಳು ಹೇಳಿದವನನ್ನು ನಾವು ಸಭೆಯಲ್ಲಿ ಖಂಡಿಸುತ್ತೇವೆ. ತೊಗರಿಯ ತೂಕದಲ್ಲಿ ಮೋಸಮಾಡಿದವನನ್ನು ಗದರಿಸುತ್ತೇವೆ. ಆದರೆ ಸತ್ಯವೇದದ ಮಾನವನ್ನು ಕಾಪಾಡಬೇಕೆಂಬ ಅಭಿಪ್ರಾಯದಿಂದ ಒಬ್ಬನು ಸುಳ್ಳಾಡಿದರೆ ಅದು ಭಕ್ತಿಯೋ, ಪಾಪವೋ? ಇದು ದೊಡ್ಡ ಪಂಡಿತರಿಗೆ ಮಾತ್ರ ತಕ್ಕ ಪ್ರಶ್ನೆಯಲ್ಲ. ಶಾಲೆಗೆ ಹೋಗುವ ಮಕ್ಕಳುಳ್ಳ ಪ್ರತಿಯೊಂದು ಮನೆಗೂ ಇದು ಬರುತ್ತದೆ.

ಐನಾಪುರದ ಸೀಮೆಯ ಕುಟುಂಬವೊಂದು ಬೆಳಿಗ್ಗೆ ತಾಂಡೂರಿನಲ್ಲಾಗಲಿ ಸೇಡಮಿನಲ್ಲಾಗಲಿ ರೈಲುಬಂಡಿ ಹತ್ತಿ ಹೈದರಾಬಾದಿಗೆ ಹೋಗಿ ಅದೇ ದಿನ ಹಿಂತಿರುಗಬಹುದು. ಅಲ್ಲಿ ನೌಬತ್ ಪಹಾಡವೆಂಬ ಗುಡ್ಡದ ಮೇಲಿರುವ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಡೈನೋಸಾರ್ ಎಂಬ ಪುರಾತನ ಪ್ರಾಣಿಯ ಎಲುಬುಗೂಡನ್ನು ನಿಲ್ಲಿಸಿದ್ದಾರೆ. ಅದರ ಹೆಸರು ಕೋಟಾಸಾರಸ್. ಅದು ಆನೆಗಿಂತಲೂ ಉದ್ದವಾಗಿ, ಸೊಪ್ಪುಸದೆಗಳನ್ನು ತಿಂದು ಬದುಕುತ್ತಿದ್ದ ಜೀವಿ. ತೆಲಂಗಾಣದ ಯಾಮನಪಲ್ಲಿಯ ಹತ್ತಿರ ಹನ್ನೆರಡಕ್ಕೆ ಕಡಿಮೆಯಿಲ್ಲದ ಇಂಥ ಪ್ರಾಣಿಗಳ ಎಲುಬುಗಳು ದೊರೆತವು. 1988ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಸತ್ತ ಪ್ರಾಣಿಗಳನ್ನು ಕೆಸರು ಮುಚ್ಚಿ, ಆ ಕೆಸರೂ ಎಲುಬೂ ಕಾಲಕ್ರಮದಲ್ಲಿ ಕಲ್ಲಾದವು. ಅವು 16 ಕೋಟಿ ವರ್ಷಗಳಿಗಿಂತಲೂ ಹಿಂದಿನವೆಂದು ಭೂಶಾಸ್ತ್ರಜ್ಞರು ಹೇಳುತ್ತಾರೆ.

ಅದನ್ನು ನೋಡಿದ ಹುಡುಗನು, "ಅಪ್ಪಾ, ಇದು ನೋಹನ ನಾವೆಯಲ್ಲಿತ್ತೇ? ಆದಾಮನು ಇದನ್ನು ನೋಡಿದ್ದನೇ?" ಎಂದು ಕೇಳಿದರೆ ತಂದೆಯು ಏನು ಹೇಳಬೇಕು? ಕೆಲವರು, ಇದೆಲ್ಲಾ ಸುಣ್ಣಗಾರೆಯಿಂದ ಮಾಡಿದ ಗೊಂಬೆ ಎನ್ನುವರು. ಕೆಲವರು, ನಮ್ಮನ್ನು ಮರುಳುಗೊಳಿಸುವದಕ್ಕೆ ಸೈತಾನನು ಹೂಳಿಟ್ಟನೆನ್ನುವರು. ಮತ್ತೆ ಕೆಲವರು, ಇಂಥದ್ದನ್ನು ಕೇಳಬಾರದೆಂದು ಬಾಯಿ ಮುಚ್ಚಿಸುವರು. ಮೂವರೂ ದೇವರಿಗೆ ಉಪಕಾರಮಾಡಿದೆವೆಂದು ನೆನಸುತ್ತಾರೆ.

ಆದರೆ ಯೋಬನ ಗ್ರಂಥದ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೋಬನ ಸ್ನೇಹಿತರು ದೇವರ ನೀತಿಯನ್ನು ಸಮರ್ಥಿಸುವದಕ್ಕೆ ಹೊರಟು, ಕಣ್ಣಿಗೆ ಕಂಡದ್ದನ್ನು ಅಲ್ಲಗಳೆದರು. ಆ ಭಕ್ತನು ಅವರನ್ನು, ದೇವರ ಪಕ್ಷವಾಗಿ ನೀವು ವಂಚನೆಯ ಮಾತನ್ನು ಆಡುವಿರೋ ಎಂಬ ಭಾವದಿಂದ ಕೇಳುತ್ತಾನೆ. ಕಡೆಗೆ ಕರ್ತನು ಕೋಪಗೊಂಡದ್ದು ಯಾರ ಮೇಲೆ? ಆ ಸಮರ್ಥಕರ ಮೇಲೆಯೇ. ಆದಕಾರಣ ದೇವರ ಮಾನವನ್ನು ಉಳಿಸುವದಕ್ಕೆ ನಮ್ಮ ಸುಳ್ಳು ಬೇಕಿಲ್ಲ. ಯಾಕಂದರೆ ಸುಳ್ಳಿನ ಊರೆಗೋಲು ಬೇಕಾದ ದೇವರು ಸತ್ಯದೇವರಾಗಲಾರನು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಲೋಕವು ಉಂಟಾಗಿ ಆರು ಸಾವಿರ ವರ್ಷಗಳಾದವೆಂಬ ಮಾತು ಸತ್ಯವೇದದ ಯಾವ ವಚನದಲ್ಲಿಯೂ ಇಲ್ಲ. ಐರ್ಲೆಂಡಿನ ಅಷರ್ ಎಂಬ ಮಹಾಬಿಷಪನು 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯು ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ಎಣಿಕೆ ಹಾಕಿದನು. ಆ ಎಣಿಕೆಯನ್ನು ಮುಂದೆ ಇಂಗ್ಲಿಷ್ ಸತ್ಯವೇದಗಳ ಅಂಚಿನಲ್ಲಿ ಅಚ್ಚುಹಾಕಿದರು. ಅಂಚಿನಲ್ಲಿರುವ ಮನುಷ್ಯನ ಲೆಕ್ಕಕ್ಕೂ ಒಳಗಿರುವ ದೇವರ ವಾಕ್ಯಕ್ಕೂ ಭೇದವುಂಟು. ಆರು ದಿನಗಳೆಂಬ ಮಾತನ್ನು ಅಕ್ಷರಶಃ ನಂಬುವ ಭಕ್ತರು ನಮ್ಮಲ್ಲಿದ್ದಾರೆ. ಅವರನ್ನು ಹಾಸ್ಯಮಾಡುವದು ಸಲ್ಲದು. ಅವರೂ ಕೂಡಾ ಎಲುಬನ್ನು ಗಾರೆಯೆಂದು ಹೇಳಬಾರದು.

ಮಿಶನೆರಿಗಳಲ್ಲಿಯೇ ಇದಕ್ಕೆ ಒಳ್ಳೇ ದೃಷ್ಟಾಂತವಿದೆ. ಸ್ಕಾಟ್ಲೆಂಡಿನ ಸ್ಟೀಫನ್ ಹಿಸ್ಲಪ್ ಅಯ್ಯನವರು 1845ರಿಂದ ನಾಗಪುರದಲ್ಲಿ ಸುವಾರ್ತೆಯನ್ನು ಸಾರಿದರು, ಶಾಲೆಯನ್ನು ಸ್ಥಾಪಿಸಿದರು. ಅವರೂ ಅವರ ಜೊತೆಗಾರರಾದ ರಾಬರ್ಟ್ ಹಂಟರ್ ಅಯ್ಯನವರೂ ಆ ಸೀಮೆಯ ಕಲ್ಲುಗಳಲ್ಲಿ ಪುರಾತನ ಚಿಪ್ಪು, ಎಲೆ, ಎಲುಬುಗಳನ್ನು ಹುಡುಕಿ ಕೂಡಿಸಿ, 1855ರಲ್ಲಿ ಲಂಡನಿನ ಭೂಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1863ರಲ್ಲಿ ಹಿಸ್ಲಪ್ ಅಯ್ಯನವರು ನೀರಿನಲ್ಲಿ ಮುಳುಗಿ ತೀರಿಹೋಗುವ ವರೆಗೂ ಒಂದು ಕೈಯಲ್ಲಿ ಸತ್ಯವೇದವನ್ನೂ ಇನ್ನೊಂದು ಕೈಯಲ್ಲಿ ಕಲ್ಲಿನ ಸುತ್ತಿಗೆಯನ್ನೂ ಹಿಡಿದಿದ್ದರು. ಎರಡೂ ಒಬ್ಬನೇ ಕರ್ತನ ಸೇವೆಯೆಂದು ತಿಳಿದವರು ಅವರು.

ನಾಗಪುರದ ವರೆಗೆ ಹೋಗುವದೇಕೆ? ನಮ್ಮ ಕಾಲ ಕೆಳಗಣ ನೆಲವೇ ಸಾಕ್ಷಿಯಾಗಿದೆ. ಚಿಂಚೋಳಿಯ ಕಡೆಗೆ ಮಳೆನೀರು ಕೊರೆದ ಕೊರಕಲುಗಳಲ್ಲಿ ಕೆಂಪು ಮೊರಂ ಕಾಣುತ್ತದೆ. ಅದು ಕರೀ ಕಲ್ಲು ಬಹುಕಾಲ ಬಿಸಿಲುಮಳೆಗೆ ಸವೆದು ಉಂಟಾದದ್ದು. ಆ ಕರೀ ಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯೊಳಗಿಂದ ಬೆಂಕಿಯ ಹೊಳೆಯಾಗಿ ಉಕ್ಕಿ ಹರಿದದ್ದು. ಗುರುಮಠಕಲ್ಲಿನ ಬಳಿಯಲ್ಲಿ ಆ ಕಲ್ಲಿನ ಪದರಗಳ ನಡುವೆ ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳು ಸಿಕ್ಕಿವೆ. ಇನ್ನೂ ಕೆಳಗೆ, ವಾಡಿ, ಚಿತ್ತಾಪುರ, ಶಹಾಬಾದಗಳಲ್ಲಿ ನಮ್ಮ ಜನರು ಬೆವರು ಸುರಿಸಿ ಎಬ್ಬಿಸುವ ಫರಸಿ ಕಲ್ಲು ಇದೆ. ಅದು 50 ಕೋಟಿ ವರ್ಷಗಳಿಗಿಂತ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ನಿಂತ ಕೆಸರು. ಆದಕಾರಣವೇ ಅದು ಹಲಗೆ ಹಲಗೆಯಾಗಿ ಏಳುತ್ತದೆ. ಕಲ್ಲಿನೊಳಗಣ ಕೆಲವು ಧಾತುಗಳು ಒಂದೇ ಕ್ರಮದಲ್ಲಿ ಬೇರೆ ಧಾತುಗಳಾಗಿ ಮಾರ್ಪಡುವದರಿಂದ, ಮಾರ್ಪಟ್ಟದ್ದನ್ನೂ ಉಳಿದದ್ದನ್ನೂ ಅಳೆದು ಇಂಥ ವಯಸ್ಸನ್ನು ಲೆಕ್ಕಹಾಕುತ್ತಾರೆ. ಫರಸಿ ಹಾಸಿದ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸುವಾಗ ನಾವು ಎಂಥ ಪುರಾತನ ಕೈಕೆಲಸದ ಮೇಲಿದ್ದೇವೆಂದು ನೆನಸಬೇಡವೇ?

"ಇದನ್ನೆಲ್ಲಾ ಹೇಳಿದರೆ ಸಾಮಾನ್ಯ ಜನರ ನಂಬಿಕೆ ಕದಲುವದು" ಎಂದು ಒಬ್ಬ ಹಿರಿಯನು ಅನ್ನಬಹುದು. ಈ ಭಯವು ಹಗುರವಾದದ್ದಲ್ಲ. ಬಹುಕಷ್ಟಪಟ್ಟು ಕರ್ತನನ್ನು ಹಿಡಿದುಕೊಂಡವರಿಗೆ, ಒಂದು ಕಲ್ಲು ಜಾರಿದರೆ ಗೋಡೆಯೆಲ್ಲಾ ಬೀಳುವದೆಂದು ತೋರುತ್ತದೆ. ಆದರೆ ಮನೆಯಲ್ಲಿ ಸುಳ್ಳನ್ನು ಕೇಳಿ ಬೆಳೆದ ಹುಡುಗನು ಕಲಬುರಗಿಯ ಕಾಲೇಜಿಗೆ ಹೋದಾಗ ಏನಾಗುವದು? ಎಲುಬಿನ ವಿಷಯದಲ್ಲಿ ತಂದೆಯು ಹೇಳಿದ್ದು ಸುಳ್ಳೆಂದು ಕಂಡ ದಿನವೇ, ಬರಿದಾದ ಸಮಾಧಿಯ ವಿಷಯದಲ್ಲಿ ಹೇಳಿದ್ದೂ ಸುಳ್ಳಿರಬಹುದೆಂದು ಅವನು ಎಣಿಸುವನು. ನಮ್ಮ ನಂಬಿಕೆಯ ಅಸ್ತಿವಾರವು ವರ್ಷಗಳ ಲೆಕ್ಕವಲ್ಲ, ಯೇಸು ಕ್ರಿಸ್ತನೇ. ಆ ಅಸ್ತಿವಾರವನ್ನು ಯಾವ ಎಲುಬೂ ಕದಲಿಸಲಾರದು.

ಹಾಗೆಂದು ವಿದ್ಯೆಯುಳ್ಳವರು ಉಬ್ಬಿಕೊಳ್ಳಬಾರದು. ಕೋಟಾಸಾರಸಿನ ತಲೆಬುರುಡೆಯು ದೊರಕಲಿಲ್ಲ. ಎರಡು ಹಲ್ಲುಗಳು ಮಾತ್ರ ಸಿಕ್ಕಿದವು. ಅಗೆದವರು ಅದನ್ನು ಹಾಗೆಯೇ ಒಪ್ಪಿ ಬರೆದಿಟ್ಟರು. ಈ ಪ್ರಾಮಾಣಿಕತೆಯು ನಮಗೂ ಬೇಕು. ಕಲ್ಲಿನ ವಯಸ್ಸನ್ನು ಬಲ್ಲವನಾದರೂ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದಿ ಎಂದು ಕರ್ತನು ಯೋಬನನ್ನು ಕೇಳಿದಂತೆ ಕೇಳಿದರೆ ತಲೆತಗ್ಗಿಸಲೇ ಬೇಕು.

ಆದದರಿಂದ ತಂದೆತಾಯಿಗಳೇ, ಮಕ್ಕಳು ಕೇಳಿದಾಗ ತಿಳಿದದ್ದನ್ನು ತಿಳಿದಷ್ಟು ಹೇಳಿರಿ. ತಿಳಿಯದ್ದನ್ನು ತಿಳಿಯದೆಂದು ನಾಚದೆ ಹೇಳಿರಿ. ಮಕ್ಕಳನ್ನು ಕರಕೊಂಡು ಹೋಗಿ ಆ ಎಲುಬುಗಳನ್ನು ತೋರಿಸಿರಿ. ಮನುಷ್ಯನ ಕಣ್ಣು ಕಾಣದ ಯುಗಗಳಲ್ಲಿಯೂ ಜೀವಿಗಳನ್ನು ಸಲಹಿದ ತಂದೆಯು ಇಂದು ಐನಾಪುರದ ಬಡವನ ಗುಡಿಸಲನ್ನೂ ಮರೆಯನೆಂದು ಅವರಿಗೆ ಕಲಿಸಿರಿ. ಸತ್ಯಸ್ವರೂಪನಾದ ಕರ್ತನು ನಮ್ಮ ನಾಲಿಗೆಗಳನ್ನು ಕಾಪಾಡಲಿ.